ಫ್ಯಾನಿಗೆ ಬಡಿದು ಕಾಕಟೀಲ್‌ನ ರೆಕ್ಕೆ ಜೋತು ಬಿದ್ದಿದೆ, ಈಗ ಎಂತ ಮಾಡುವುದು?

ಬಿಜೈ ಮೂರನೇ ಮಹಡಿ
ಮಂಗಳವಾರ, ರಾತ್ರಿ 8.40

ಕೈ ನಡುಗುತ್ತಿದೆ, ಅಕ್ಷರ ತಪ್ಪಿದ್ದರೆ ಸುಧಾರಿಸಿಕೊಳ್ಳಿ. ನಮ್ಮಲ್ಲಿ ಎರಡು ಕಾಕಟೀಲ್ (ಜುಟ್ಟಿನ ಸಣ್ಣ ಗಿಳಿ) ಉಂಟು, ಚುಕ್ಕಿ ಮತ್ತು ಬೂದಿ. ಈ ಮಳೆಗೆ ಬಟ್ಟೆ ಒಣಗುವುದಿಲ್ಲ ಅಲ್ವಾ, ಹಾಗಾಗಿ ಹಾಲ್‌ನಲ್ಲಿ ಹಗ್ಗ ಕಟ್ಟಿ ಇಡೀ ದಿನ ಫ್ಯಾನ್ ಹಾಕಿಡುತ್ತೇವೆ. ಸಂಜೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಸ್ವಿಚ್ ಹಾಗೇ ಇತ್ತು. ಯಾರಿಗೂ ನೆನಪಾಗಲಿಲ್ಲ. ಮಗ ಚುಕ್ಕಿಯನ್ನು ಗೂಡಿನಿಂದ ಹೊರಗೆ ಬಿಟ್ಟ. ಅದು ಹಾರಿ ಹೋಗಿ ಫ್ಯಾನಿನ ಮೇಲೆಯೇ ಕೂತಿತು. ಅಷ್ಟರಲ್ಲಿ ಕರೆಂಟ್ ಬಂತು.

ಎಡ ರೆಕ್ಕೆ ಕೆಳಗೆ ಜೋತಿದೆ. ತುದಿಯಲ್ಲಿ ರಕ್ತ, ನೆಲದ ಮೇಲೆ ನಾಲ್ಕೈದು ಹನಿ. ಸೋಫಾದ ಹಿಂದೆ ಮೂಲೆ ಸೇರಿದೆ, ಹತ್ತಿರ ಹೋದರೆ ಬುಸ್ ಅನ್ನುತ್ತದೆ. ಅತ್ತೆ ಅರಸಿನ, ತೆಂಗಿನೆಣ್ಣೆ ಕಲಸಿ ತಂದು ನಿಂತಿದ್ದಾರೆ. ಹಚ್ಚಬಹುದಾ? ಐಸ್‌ಕ್ರೀಮ್ ಕಡ್ಡಿ ಇಟ್ಟು ಕಟ್ಟಬೇಕಾ? ಎರಡು ಕ್ಲಿನಿಕ್‌ಗೆ ಫೋನ್ ಮಾಡಿದೆ. ಒಂದು ಕಡೆ ಎತ್ತಲಿಲ್ಲ. ಇನ್ನೊಂದು ಕಡೆ "ನಾವು ನಾಯಿ, ಬೆಕ್ಕು ಮಾತ್ರ ನೋಡುವುದು" ಅಂದರು.

ಕಟಪಾಡಿ ಅಕ್ಕ
ರಾತ್ರಿ 8.46

ಮೊದಲು ಆ ಫ್ಯಾನ್ ಸ್ವಿಚ್ ಆಫ್ ಮಾಡಿ. ಬೂದಿ ಗೂಡಿನೊಳಗೆ ಇದೆಯಾ ನೋಡಿ.

ಎಣ್ಣೆ ಬೇಡವೇ ಬೇಡ. ಎಣ್ಣೆ ತಾಗಿದ ಗರಿ ಅಂಟಿಕೊಳ್ಳುತ್ತದೆ, ಮತ್ತೆ ಮೈ ಬೆಚ್ಚಗೆ ಇಡುವುದಿಲ್ಲ. ಹಕ್ಕಿ ಸುಮ್ಮನೆ ಇರುತ್ತದಾ, ಕೊಕ್ಕಿನಲ್ಲಿ ತೀಡಿ ತೀಡಿ ಅದನ್ನೂ ನುಂಗುತ್ತದೆ. ಅತ್ತೆಗೆ ಬೇಜಾರಾಗದ ಹಾಗೆ ಹೇಳಿ.

ಮಲ್ಪೆ ಬಂದರು
ರಾತ್ರಿ 8.51

ಇಷ್ಟು ಹೆದರುವುದು ಎಂತಕ್ಕೆ ಮಾರಾಯ್ರೆ? ನಮ್ಮ ಅಜ್ಜ ಅಂಕದ ಕೋಳಿಗೆ ಸೂಜಿ ನೂಲಲ್ಲಿ ಹೊಲಿಗೆ ಹಾಕುತ್ತಿದ್ದರು. ಅರಸಿನ ಒತ್ತಿದರೆ ಎರಡು ವಾರದಲ್ಲಿ ಕೋಳಿ ಮತ್ತೆ ರೆಡಿ. ಕಡ್ಡಿ ಇಟ್ಟು ಕಟ್ಟಿ, ಆಗುತ್ತದೆ.

ಹೆಬ್ಬಾಳದಲ್ಲಿ ಓದಿದವ
ರಾತ್ರಿ 9.02

ಪಶುವೈದ್ಯ ನಾನು. ಮನೆ ಬ್ರಹ್ಮಾವರ, ಕೆಲಸ ಘಟ್ಟದ ಮೇಲೆ, ಹಾಗಾಗಿ ಬಂದು ನೋಡಲು ಆಗುವುದಿಲ್ಲ. ಈ ರಾತ್ರಿ ಕಳೆಯುವುದು ಹೇಗೆ ಅಂತ ಮಾತ್ರ ಹೇಳುತ್ತೇನೆ.

ಮಲ್ಪೆಯವರೇ, ಅಂಕದ ಕೋಳಿ ಎರಡು ಕಿಲೋ ಮೇಲೆ ಇರುತ್ತದೆ. ಕಾಕಟೀಲ್ 80ರಿಂದ 100 ಗ್ರಾಂ. ಕೋಳಿ ತಡೆದುಕೊಂಡದ್ದನ್ನು ಇದು ತಡೆಯುವುದಿಲ್ಲ.

ಬಿಜೈ ಅಕ್ಕ, ಮೊದಲು ರಕ್ತ ನೋಡಿ. ಹಕ್ಕಿಯ ಮೈಯಲ್ಲಿ ತೂಕದ ಹತ್ತರಲ್ಲಿ ಒಂದು ಪಾಲಿನಷ್ಟು ರಕ್ತ ಇರುತ್ತದೆ. 90 ಗ್ರಾಂ ಹಕ್ಕಿಗೆ ಸುಮಾರು 9 ಮಿಲಿ. ಅದರಲ್ಲಿ 1 ಮಿಲಿ ಹೋದರೂ ಆರೋಗ್ಯದ ಹಕ್ಕಿ ತಾಳಿಕೊಳ್ಳುತ್ತದೆ, ಅಂದರೆ ಸುಮಾರು 20 ಹನಿ. ನೀವು ಹೇಳಿದ ನಾಲ್ಕೈದು ಹನಿಗೆ ಗಾಬರಿ ಬೇಡ. ಆದರೆ ನಿಲ್ಲಬೇಕು. ಅಡುಗೆಮನೆಯ ಕಾರ್ನ್‌ಫ್ಲೋರ್ ಚಿಟಿಕೆ ತೆಗೆದು ರಕ್ತ ಬರುವ ಜಾಗಕ್ಕೆ ಒತ್ತಿ. ಹತ್ತಿ ಬೇಡ, ಅಂಟಿಕೊಳ್ಳುತ್ತದೆ. ಸ್ವಚ್ಛ ಬಟ್ಟೆಯ ತುಂಡಿನಲ್ಲಿ ಎರಡು ಮೂರು ನಿಮಿಷ ಹಿಡಿಯಿರಿ, ನಡುವೆ ನಡುವೆ ತೆಗೆದು ನೋಡಬೇಡಿ.

ಹಿಡಿಯುವುದು ಹೇಗೆ ಅಂತ ಗೊತ್ತಿರಬೇಕು. ಲೈಟ್ ಆರಿಸಿ, ತೆಳು ಬಟ್ಟೆ ಮೇಲಿಂದ ಹಾಕಿ, ರೆಕ್ಕೆ ಮೈಗೆ ಅಂಟಿದ ಹಾಗೆ ಎತ್ತಿ. ಎದೆಯನ್ನು ಅದುಮಬೇಡಿ. ಹಕ್ಕಿ ಎದೆಮೂಳೆಯನ್ನು ಮುಂದೆ ಹಿಂದೆ ಆಡಿಸಿಯೇ ಉಸಿರಾಡುವುದು. ಎದೆ ಬಿಗಿ ಹಿಡಿದರೆ ಮೂಗು ಬಾಯಿ ತೆರೆದಿದ್ದರೂ ಉಸಿರು ಕಟ್ಟುತ್ತದೆ. ಮನೆಯಲ್ಲಿ ಕಟ್ಟುವ ಬ್ಯಾಂಡೇಜ್‌ಗೆ ನಾನು ಹೆದರುವುದು ಇದಕ್ಕೇ. ಮೂಳೆ ಸರಿಯಾಗಲಿ ಅಂತ ಬಿಗಿಯಾಗಿ ಸುತ್ತುತ್ತಾರೆ, ಬೆಳಿಗ್ಗೆ ನೋಡಿದರೆ ಹಕ್ಕಿ ಇರುವುದಿಲ್ಲ.

ಇನ್ನು ಕಡ್ಡಿ. ಎಲ್ಲಿ ಮುರಿದಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುರಿದೇ ಇದೆ ಅಂತಲೂ ಇಲ್ಲ, ಕೀಲು ತಪ್ಪಿರಬಹುದು, ಬರೀ ಪೆಟ್ಟಾಗಿರಬಹುದು. ಗೊತ್ತಿಲ್ಲದ ಜಾಗಕ್ಕೆ ಕಡ್ಡಿ ಕಟ್ಟಿದರೆ ಆ ಕಡ್ಡಿಯ ಭಾರಕ್ಕೇ ಮೂಳೆ ಇನ್ನಷ್ಟು ತಿರುಚುತ್ತದೆ.

ಮೂಳೆ ಚರ್ಮ ಸೀಳಿ ಹೊರಗೆ ಕಾಣುತ್ತಿದೆಯಾ ಹೇಳಿ. ಭುಜದಿಂದ ಮೊಣಕೈವರೆಗಿನ ಮೂಳೆ ಹಕ್ಕಿಯಲ್ಲಿ ಟೊಳ್ಳು. ಅದರ ಒಳಗೆ ಗಾಳಿ ಆಡುತ್ತದೆ, ಉಸಿರಿನ ಗಾಳಿಚೀಲಕ್ಕೆ ಸೇರಿಕೊಂಡಿದೆ. ಅಲ್ಲಿ ತೆರೆದ ಗಾಯ ಇದ್ದರೆ ನೀರು ಹೊಯ್ದು ತೊಳೆಯಬಾರದು. ನೀರು ಒಳಗೆ ಹೋಗಿಬಿಡುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆ ಪುಡಿ ಮಾಡಿ ಕೊಡುವುದಂತೂ ಬೇಡ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಅನ್ನುವ ನೋವಿನ ಮದ್ದಿನಿಂದ, ಆ ದನದ ಹೆಣ ತಿಂದ ರಣಹದ್ದುಗಳೇ ಹೆಚ್ಚುಕಮ್ಮಿ ಸತ್ತು ಮುಗಿದವು. 2006ರಲ್ಲಿ ಅದನ್ನು ಜಾನುವಾರುಗಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು. ಚರ್ಮ ಮರಗಟ್ಟಿಸುವ ಮುಲಾಮು ಕೂಡ ಸಣ್ಣ ಹಕ್ಕಿಗೆ ವಿಷ.

ಬಿಜೈ ಮೂರನೇ ಮಹಡಿ
ರಾತ್ರಿ 9.34

ಮೂಳೆ ಹೊರಗೆ ಬಂದಿಲ್ಲ. ಕಾರ್ನ್‌ಫ್ಲೋರ್ ಒತ್ತಿದೆ, ರಕ್ತ ನಿಂತಿತು. ತುದಿಯ ಒಂದು ಗರಿ ನಡುವಿಗೆ ಮುರಿದಿದೆ, ಅದರ ದಂಟು ಕಪ್ಪು ಕೆಂಪಾಗಿ ಕಾಣುತ್ತದೆ. ನನ್ನ ಬೆರಳು ಕಚ್ಚಿ ತೂತು ಮಾಡಿದೆ, ಅದಕ್ಕೆ ಅತ್ತೆಯ ಅರಸಿನ ಆಯಿತು.

ಕಟಪಾಡಿ ಅಕ್ಕ
ರಾತ್ರಿ 9.37

ಕಚ್ಚುವಷ್ಟು ಜೀವ ಉಂಟಲ್ಲ, ಒಳ್ಳೆಯದಾಯಿತು.

ಸುರತ್ಕಲ್ ಲೈಟ್‌ಹೌಸ್
ರಾತ್ರಿ 9.41

ಅದು ಬ್ಲಡ್ ಫೆದರ್. ಹೊಸದಾಗಿ ಬೆಳೆಯುವ ಗರಿಯ ದಂಟಿನೊಳಗೆ ರಕ್ತ ಓಡುತ್ತಿರುತ್ತದೆ, ಗರಿ ಬಲಿತ ಮೇಲೆ ಒಣಗುತ್ತದೆ. ಇಕ್ಕುಳದಲ್ಲಿ ಹಿಡಿದು ಎಳೆದು ತೆಗೆಯಿರಿ, ಇಲ್ಲದಿದ್ದರೆ ಮತ್ತೆ ರಕ್ತ ಬರುತ್ತದೆ. ನನಗೆ ಹಕ್ಕಿ ಮಾರಿದವರು ಹಾಗೇ ಹೇಳಿಕೊಟ್ಟದ್ದು.

ಹೆಬ್ಬಾಳದಲ್ಲಿ ಓದಿದವ
ರಾತ್ರಿ 9.48

ಎಳೆಯಬೇಡಿ. ಮೊದಲು ಎಲ್ಲರೂ ಹಾಗೇ ಹೇಳುತ್ತಿದ್ದರು, ನಿಜ. ಆದರೆ ರೆಕ್ಕೆಯ ದೊಡ್ಡ ಗರಿಯ ಬುಡ ಮೂಳೆಗೇ ಕಚ್ಚಿಕೊಂಡಿರುತ್ತದೆ. ಮೂಳೆ ಮುರಿದಿರಬಹುದು ಅನ್ನುವ ಸಂಶಯ ಇರುವಾಗ ಆ ರೆಕ್ಕೆಯ ಗರಿ ಎಳೆಯುವುದೆಂದರೆ ಮುರಿದ ಕೈಯನ್ನು ಹಿಡಿದು ಜಗ್ಗಿದ ಹಾಗೆ. ರಕ್ತ ನಿಂತಿದೆ, ಅಷ್ಟು ಸಾಕು.

ಈಗ ಒಂದು ರಟ್ಟಿನ ಡಬ್ಬಿ ತೆಗೆದುಕೊಳ್ಳಿ. ಚಪ್ಪಲಿ ಡಬ್ಬಿಗಿಂತ ಸ್ವಲ್ಪ ದೊಡ್ಡದು ಸಾಕು, ರೆಕ್ಕೆ ಬಡಿಯಲು ಜಾಗ ಇರಬಾರದು. ಬದಿಯಲ್ಲಿ ತೂತು ಮಾಡಿ. ಕೆಳಗೆ ಹಳೆಯ ಪಂಚೆಯ ತುಂಡು ಹಾಸಿ. ಬೈರಾಸು (ಟವೆಲ್) ಬೇಡ, ನೂಲಿಗೆ ಉಗುರು ಸಿಕ್ಕುತ್ತದೆ. ಒಳಗೆ ಕೋಲು ಬೇಡ. ಕಾಳು ಮುಚ್ಚಳದಲ್ಲಿ ಇಡಿ, ನೀರು ತೀರಾ ಆಳ ಇಲ್ಲದ ಮುಚ್ಚಳದಲ್ಲಿ. ಹೊರಗೆ ಮಳೆ ಇದ್ದರೆ ಒಂದು ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಡಬ್ಬಿಯ ಒಂದೇ ಬದಿಗೆ ಇಡಿ. ಸೆಖೆಯಾದರೆ ಅದು ಆಚೆ ಸರಿಯಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಬಾಟಲಿ ತೆಗೆಯಿರಿ. ನಮ್ಮ ಕರಾವಳಿಯಲ್ಲಿ ಶಾಖಕ್ಕೆ ಬಲ್ಬ್ ಹಾಕಿ ಹಕ್ಕಿಯನ್ನು ಬೇಯಿಸಿದವರೂ ಇದ್ದಾರೆ.

ಅಡುಗೆಮನೆಯ ತಕ್ಕಡಿ ಉಂಟಾ? ಡಬ್ಬಿಗೆ ಹಾಕುವ ಮೊದಲು ತೂಕ ಬರೆದಿಡಿ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ತೂಗಿ. ಹಕ್ಕಿ ತಿಂದ ಹಾಗೆ ನಾಟಕ ಮಾಡುತ್ತದೆ, ತಕ್ಕಡಿ ಮಾಡುವುದಿಲ್ಲ.

ಬಿಜೈ ಮೂರನೇ ಮಹಡಿ
ರಾತ್ರಿ 10.20

88 ಗ್ರಾಂ. ಡಬ್ಬಿಯಲ್ಲಿ ಮಲಗಿಸಿದೆ. ಬೂದಿ ಇಲ್ಲಿಂದ ಕೂಗುತ್ತದೆ, ಚುಕ್ಕಿ ಅಲ್ಲಿಂದ ಸಣ್ಣಗೆ ಉತ್ತರ ಕೊಡುತ್ತದೆ. ಮಗ ಊಟ ಮಾಡಲಿಲ್ಲ.

ಕಾರ್ಕಳ ಬಂಡೆ
ರಾತ್ರಿ 10.31

ಮಗನಿಗೆ ಬೈಯಬೇಡಿ ಅಕ್ಕ. ಸ್ವಿಚ್ ಮರೆತದ್ದು ಮನೆಯವರೆಲ್ಲ.

ಒಂದು ಮಾತು ಕೇಳುತ್ತೇನೆ. ಮನೆಯಲ್ಲಿ ಬೆಕ್ಕು ಇಲ್ಲ ತಾನೇ? ನನ್ನ ಲವ್ ಬರ್ಡ್‌ಗೆ ಪಕ್ಕದ ಮನೆಯ ಬೆಕ್ಕು ಗೂಡಿನ ಸರಳಿನ ಎಡೆಯಿಂದ ಪರಚಿತ್ತು. ರೆಕ್ಕೆಯ ಅಡಿಯಲ್ಲಿ ಸಾಸಿವೆಯಷ್ಟು ಗಾಯ. ರಕ್ತವೂ ಇರಲಿಲ್ಲ. ಆರಾಮ ಉಂಟು ಅಂತ ಬಿಟ್ಟೆ. ಮರುದಿನ ಉಬ್ಬಿಕೊಂಡು ಕೂತಿತು, ಸಂಜೆಗೆ ಸತ್ತಿತು. ಬೆಕ್ಕಿನ ಬಾಯಿಯ ರೋಗಾಣು ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನ ಸಾಕಂತೆ. ಪರಚಿದ ಕೂಡಲೇ ಆ್ಯಂಟಿಬಯೋಟಿಕ್ ಶುರು ಮಾಡಬೇಕಿತ್ತು ಅಂತ ಆಮೇಲೆ ಡಾಕ್ಟ್ರು ಹೇಳಿದರು.

ಬಿಜೈ ಮೂರನೇ ಮಹಡಿ
ರಾತ್ರಿ 10.35

ಬೆಕ್ಕು ಇಲ್ಲ. ಫ್ಯಾನ್ ಮಾತ್ರ.

ಹೆಬ್ಬಾಳದಲ್ಲಿ ಓದಿದವ
ಬುಧವಾರ, ಬೆಳಿಗ್ಗೆ 6.55

ಇವತ್ತೇ ತೋರಿಸಿ. ಭಾನುವಾರ ನೋಡೋಣ ಅನ್ನಬೇಡಿ. ಹಕ್ಕಿಯ ಮೂಳೆ ನಮ್ಮದಕ್ಕಿಂತ ಬಹಳ ಬೇಗ ಕೂಡುತ್ತದೆ, ಎರಡು ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಕೇಳಲು ಚಂದ, ಆದರೆ ಓರೆಯಾಗಿ ಇದ್ದರೆ ಓರೆಯಾಗಿಯೇ ಬೇಗ ಕೂಡುತ್ತದೆ. ಒಂದು ವಾರ ತಡ ಮಾಡಿದರೆ ಡಾಕ್ಟ್ರಿಗೆ ಮಾಡಲು ಕೆಲಸ ಉಳಿಯುವುದಿಲ್ಲ.

ಫೋನ್ ಮಾಡುವಾಗ "ಹಕ್ಕಿ ನೋಡುತ್ತೀರಾ" ಅಂತ ಮಾತ್ರ ಕೇಳಬೇಡಿ. "100 ಗ್ರಾಂ ಒಳಗಿನ ಹಕ್ಕಿಗೆ ಎಕ್ಸ್‌ರೇ ತೆಗೆಯುತ್ತೀರಾ, ಗ್ಯಾಸ್ ಅರಿವಳಿಕೆ ಉಂಟಾ" ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಕೊಕ್ಕಡ ತೋಟ
ಬುಧವಾರ, ಬೆಳಿಗ್ಗೆ 8.10

ಇದೇ ವಿಷಯ ಅಂತ ಕೇಳುತ್ತಿದ್ದೇನೆ. ನಮ್ಮ ತೋಟದಲ್ಲಿ ಒಣಗಿದ ತೆಂಗಿನ ಮರ ಕಡಿಯುವಾಗ ಪೊಟರೆಯಿಂದ ಗಿಳಿಮರಿ ಬಿತ್ತು. ಒಂದು ರೆಕ್ಕೆ ಎತ್ತುವುದಿಲ್ಲ. ಮಕ್ಕಳು ಸಾಕೋಣ ಅನ್ನುತ್ತಾರೆ. ಏನು ತಿನ್ನಿಸಬೇಕು?

ಕಟಪಾಡಿ ಅಕ್ಕ
ಬೆಳಿಗ್ಗೆ 8.22

ಅಣ್ಣ, ಊರ ಗಿಳಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುತ್ತದೆ. ಕಾಕಟೀಲ್, ಲವ್ ಬರ್ಡ್ಸ್ ಅಂತ ನಾವು ಕರೆಯುವ ಬಜ್ರಿಗರ್ ಎಲ್ಲ ಆಸ್ಟ್ರೇಲಿಯಾ ಮೂಲದವು, ಅದು ಬೇರೆ ಲೆಕ್ಕ. ಮರಿಯನ್ನು ಡಬ್ಬಿಯಲ್ಲಿ ಕತ್ತಲಾಗಿ ಇಟ್ಟು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ. ಮಂಗಳೂರು ಕಡೆಯವರಾದರೆ ಪಿಲಿಕುಳದ ಜೈವಿಕ ಉದ್ಯಾನವನವೂ ಉಂಟು. ಬಾಯಿಗೆ ನೀರು ಬಿಡಬೇಡಿ, ಹಾಲು ಅನ್ನ ಅಂತೂ ಬೇಡ.

ಮಲ್ಪೆ ಬಂದರು
ಬೆಳಿಗ್ಗೆ 8.40

ಹಿಂದೆ ಪ್ರತಿ ಮನೆಯ ಜಗಲಿಯಲ್ಲೂ ಗಿಳಿ ಇತ್ತಲ್ಲ. ಯಾರು ಕೇಳಿದ್ದು?

ಕಟಪಾಡಿ ಅಕ್ಕ
ಬೆಳಿಗ್ಗೆ 8.43

ಗಿಳಿಯನ್ನು ಕೇಳಬೇಕಿತ್ತು.

ಬಿಜೈ ಮೂರನೇ ಮಹಡಿ
ಬುಧವಾರ, ರಾತ್ರಿ 9.15

ಎಲ್ಲರಿಗೂ ಮೊದಲು ಥ್ಯಾಂಕ್ಸ್. ಬೆಳಿಗ್ಗೆ ತೂಕ 85. ಆರು ಕಡೆ ಫೋನ್ ಮಾಡಿದ ಮೇಲೆ ಒಬ್ಬರು ಡಾಕ್ಟ್ರು ಕರೆದುಕೊಂಡು ಬನ್ನಿ ಅಂದರು. ಉಡುಪಿವರೆಗೆ ಹೋಗಬೇಕಾಯಿತು. ಹೆದ್ದಾರಿಯ ಹೊಂಡಗಳನ್ನು ಎಣಿಸುತ್ತಾ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದೆ.

ಎಕ್ಸ್‌ರೇ ಎರಡು ದಿಕ್ಕಿನಿಂದ ತೆಗೆದರು. ಒಂದೇ ದಿಕ್ಕಿನದ್ದು ನಂಬಬಾರದಂತೆ. ಮುಂಗೈಯಲ್ಲಿ ನಮ್ಮ ಹಾಗೆ ಎರಡು ಮೂಳೆ ಉಂಟಂತೆ, ಹಕ್ಕಿಯಲ್ಲಿ ಅಲ್ನಾ ದಪ್ಪ, ರೇಡಿಯಸ್ ಸಪೂರ. ಚುಕ್ಕಿಯ ಅಲ್ನಾ ಮುರಿದಿದೆ, ರೇಡಿಯಸ್ ಸರಿ ಇದೆ. "ಅದೃಷ್ಟ ನಿಮ್ಮದು, ಪಕ್ಕದ ಮೂಳೆಯೇ ಕಡ್ಡಿಯ ಕೆಲಸ ಮಾಡುತ್ತದೆ" ಅಂದರು. ಅತ್ತೆಗೆ ಹೇಳಿದೆ, ಕಡ್ಡಿ ದೇವರೇ ಒಳಗೆ ಇಟ್ಟಿದ್ದಾನೆ ಅಂತ. ಅರಸಿನದ ಬೇಜಾರು ಸ್ವಲ್ಪ ಕಡಿಮೆ ಆಯಿತು.

ರೆಕ್ಕೆ ಮಡಚಿ, ಇಂಗ್ಲಿಷಿನ ಎಂಟರ ಅಂಕಿಯ ಹಾಗೆ ಬ್ಯಾಂಡೇಜ್ ಸುತ್ತಿದ್ದಾರೆ. ಗರಿಗೆ ಅಂಟುವುದಿಲ್ಲ, ತನಗೆ ತಾನೇ ಕಚ್ಚಿಕೊಳ್ಳುತ್ತದೆ. ನೋವಿಗೆ ಹನಿ ಲೆಕ್ಕದಲ್ಲಿ ಮದ್ದು. ಖರ್ಚು ಹಕ್ಕಿ ಕೊಂಡ ಬೆಲೆಗಿಂತ ಜಾಸ್ತಿ ಆಯಿತು. ಇವರು "ಹೊಸತೇ ಎರಡು ಬರುತ್ತಿತ್ತು" ಅಂದರು. ಮಗ ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ.

ಹೆಬ್ಬಾಳದಲ್ಲಿ ಓದಿದವ
ರಾತ್ರಿ 9.40

ಒಳ್ಳೆಯ ಸುದ್ದಿ. ಮೇಲಿನ ತೋಳಿನ ಮೂಳೆ ಮುರಿದಿದ್ದರೆ ಪಿನ್ ಹಾಕಲು ಬೆಂಗಳೂರಿಗೆ ಓಡಬೇಕಿತ್ತೇನೋ.

ಬ್ಯಾಂಡೇಜ್ ಮೂರು ವಾರ ಒಂದೇ ಸಮ ಇಡಬಾರದು. ಭುಜಕ್ಕೂ ಮಣಿಕಟ್ಟಿಗೂ ನಡುವೆ ಚರ್ಮದ ಪದರ ಉಂಟು, ರೆಕ್ಕೆ ಬಿಚ್ಚುವಾಗ ಹಾಯಿಯ ಹಾಗೆ ಚಾಚುತ್ತದೆ. ಬಹಳ ದಿನ ಮಡಚಿಟ್ಟರೆ ಅದು ಕುಗ್ಗುತ್ತದೆ. ಮೂಳೆ ಕೂಡಿದರೂ ರೆಕ್ಕೆ ಪೂರ್ತಿ ಬಿಚ್ಚುವುದಿಲ್ಲ. ವಾರಕ್ಕೊಮ್ಮೆ ಬಿಚ್ಚಿ ನಿಧಾನ ಚಾಚಿಸಿ ಮತ್ತೆ ಕಟ್ಟಬೇಕು. ಇದು ಡಾಕ್ಟ್ರ ಕೆಲಸ, ನೀವು ಮಾಡಬೇಡಿ.

ಸುರತ್ಕಲ್ ಲೈಟ್‌ಹೌಸ್
ಗುರುವಾರ, ಬೆಳಿಗ್ಗೆ 7.30

ರಾತ್ರಿ ಸಣ್ಣ ಲೈಟ್ ಹಾಕಿಡಿ. ಕಾಕಟೀಲ್‌ಗೆ ಕತ್ತಲಲ್ಲಿ ಬೆಚ್ಚಿ ಬೀಳುವ ಚಾಳಿ ಉಂಟು. ಸಿಡಿಲು ಬಡಿದರೆ ಗೂಡಿನೊಳಗೇ ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತದೆ. ನಮ್ಮದು ಹಾಗೇ ಮೂರು ಗರಿ ಮುರಿದುಕೊಂಡಿತ್ತು. ಕರೆಂಟ್ ಹೋದರೂ ಉರಿಯುವಂಥ ಲೈಟ್ ಆಗಬೇಕು.

ಇನ್ನೊಂದು, ವಾಸಿಯಾದ ಮೇಲೆ ಗರಿ ಕತ್ತರಿಸಿಬಿಡಿ. ಹಾರದಿದ್ದರೆ ಫ್ಯಾನಿನ ತಂಟೆಯೇ ಇಲ್ಲ.

ಕಾರ್ಕಳ ಬಂಡೆ
ಬೆಳಿಗ್ಗೆ 7.52

ಕತ್ತರಿಸಿದ ಹಕ್ಕಿ ಹಾರುವುದಿಲ್ಲ, ಆದರೆ ಹಾರಲು ನೋಡುತ್ತದೆ. ಕಪಾಟಿನ ಮೇಲಿನಿಂದ ಕಲ್ಲಿನ ಹಾಗೆ ಬೀಳುತ್ತದೆ. ಎದೆಮೂಳೆ ಒಡೆದುಕೊಂಡದ್ದನ್ನು ನಾನು ನೋಡಿದ್ದೇನೆ.

ಸುರತ್ಕಲ್ ಲೈಟ್‌ಹೌಸ್
ಬೆಳಿಗ್ಗೆ 7.58

ಹಾರಿ ಬಾಗಿಲಿನಿಂದ ಹೊರಗೆ ಹೋದ ಹಕ್ಕಿಯನ್ನು ಕಾಗೆ ಕುಕ್ಕಿದ್ದನ್ನು ನಾನು ನೋಡಿದ್ದೇನೆ. ಎರಡರಲ್ಲಿ ಯಾವುದು ಬೇಕು?

ಹೆಬ್ಬಾಳದಲ್ಲಿ ಓದಿದವ
ಬೆಳಿಗ್ಗೆ 8.30

ಈ ಜಗಳ ನಾಳೆಗೆ ಮುಗಿಯುವುದಲ್ಲ. ಒಂದೇ ರೆಕ್ಕೆ ಕತ್ತರಿಸುವುದು ಮಾತ್ರ ಯಾರೂ ಮಾಡಬೇಡಿ, ತೂಕ ತಪ್ಪಿ ತಿರುಗಿ ಬೀಳುತ್ತದೆ. ಚುಕ್ಕಿಗೆ ಈಗ ಆ ಪ್ರಶ್ನೆಯೇ ಇಲ್ಲ.

ಊಟದಲ್ಲಿ ಏನು ಕೊಡುತ್ತೀರಿ ಅಕ್ಕ?

ಬಿಜೈ ಮೂರನೇ ಮಹಡಿ
ಬೆಳಿಗ್ಗೆ 10.05

ನವಣೆ, ಸೂರ್ಯಕಾಂತಿ ಬೀಜ. ಬೇರೆ ಏನು ಇಟ್ಟರೂ ತಟ್ಟೆ ಮಗುಚುತ್ತದೆ.

ಕಟಪಾಡಿ ಅಕ್ಕ
ಬೆಳಿಗ್ಗೆ 10.20

ಬರೀ ಬೀಜದಲ್ಲಿ ಸುಣ್ಣದಂಶ ತೀರಾ ಕಡಿಮೆ. ನುಗ್ಗೆಸೊಪ್ಪು ಗೂಡಿಗೆ ಕಟ್ಟಿ, ಮೊಳಕೆ ಹೆಸರು ಕೊಡಿ, ಬೇಯಿಸಿದ ಮೊಟ್ಟೆ ವಾರಕ್ಕೆ ಒಂದೆರಡು ಸಲ ಚೂರು. ಬೆಣ್ಣೆ ಹಣ್ಣು ಮಾತ್ರ ತಪ್ಪಿಯೂ ಬೇಡ, ಹಕ್ಕಿಗೆ ವಿಷ.

ಕಟಲ್‌ಫಿಶ್ ಬೋನ್ ಅಂತ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದು ನಮ್ಮ ಬೊಂಡಾಸಿನ (ಸ್ಕ್ವಿಡ್) ನೆಂಟನ ಬೆನ್ನಿನ ಚಿಪ್ಪು. ಸಮುದ್ರದ ನೊರೆ ಅನ್ನುತ್ತಾರೆ. ಮಲ್ಪೆಯಲ್ಲಿ, ಪಣಂಬೂರಿನಲ್ಲಿ ದಡಕ್ಕೆ ಬಂದು ಬಿದ್ದಿರುತ್ತದೆ. ಹೆಕ್ಕಿ ತಂದರೆ ನಾಲ್ಕೈದು ದಿನ ನೀರು ಬದಲಿಸಿ ನೆನೆಸಿ, ಉಪ್ಪು ಹೋಗಲಿ. ಆಮೇಲೆ ಚೆನ್ನಾಗಿ ಒಣಗಿಸಿ ಗೂಡಿಗೆ ಸಿಕ್ಕಿಸಿ.

ಮಲ್ಪೆ ಬಂದರು
ಬೆಳಿಗ್ಗೆ 10.31

ಕಾಸು ಕೊಟ್ಟು ಕೊಳ್ಳುತ್ತಾರಾ ಅದನ್ನು! ಎಷ್ಟು ಬೇಕು ಹೇಳಿ ಅಕ್ಕ. ನಾಳೆ ಮಂಗಳೂರಿಗೆ ಬರುತ್ತೇನೆ, ಬಿಜೈ ದಾರಿಯಲ್ಲೇ ಉಂಟು. ಒಂದು ಚೀಲ ತರುತ್ತೇನೆ.

ಬಿಜೈ ಮೂರನೇ ಮಹಡಿ
ಎಂಟು ದಿನದ ನಂತರ

ತೂಕ 87. ಮೊದಲ ಎರಡು ದಿನ ಒಂದು ಬದಿಗೆ ವಾಲಿ ಬೀಳುತ್ತಿತ್ತು. ಗೂಡಿನ ಕೋಲನ್ನು ನೆಲದಿಂದ ಎರಡು ಬೆರಳು ಎತ್ತರಕ್ಕೆ ಇಳಿಸಿದೆ. ಬ್ಯಾಂಡೇಜ್ ಅಂಚು ಕಚ್ಚಿ ಕಿತ್ತಿತ್ತು, ಡಾಕ್ಟ್ರು ಬಿಚ್ಚಿ ಹೊಸದು ಕಟ್ಟಿದರು. ಬೂದಿಯ ಗೂಡು ಪಕ್ಕದಲ್ಲೇ ಇಟ್ಟಿದ್ದೇನೆ, ಸರಳಿನ ಎಡೆಯಿಂದ ತಲೆ ತುರಿಸಿಕೊಡುತ್ತದೆ. ಮಲ್ಪೆಯವರು ಕೊಟ್ಟ ಚೀಲದಲ್ಲಿ ಈ ಜನ್ಮಕ್ಕಾಗುವಷ್ಟು ಸಮುದ್ರದ ನೊರೆ ಉಂಟು. ಬಾಲ್ಕನಿಯೆಲ್ಲ ಮೀನಿನ ವಾಸನೆ.

ಕೊಕ್ಕಡ ತೋಟ
ಅದೇ ದಿನ

ನಮ್ಮ ಗಿಳಿಮರಿಯನ್ನು ಅರಣ್ಯ ಇಲಾಖೆಯವರು ತೆಗೆದುಕೊಂಡು ಹೋದರು. ಮಕ್ಕಳು ದಿನಾ ಕೇಳುತ್ತಾರೆ. ಫೋನ್ ಮಾಡಿದೆ, ತಿನ್ನುತ್ತಾ ಉಂಟು ಅಂದರು.

ಬಿಜೈ ಮೂರನೇ ಮಹಡಿ
24ನೇ ದಿನ

ಇವತ್ತು ಬ್ಯಾಂಡೇಜ್ ಪೂರ್ತಿ ತೆಗೆದರು. ಎಕ್ಸ್‌ರೇಯಲ್ಲಿ ಮುರಿದ ಜಾಗದಲ್ಲಿ ಸಣ್ಣ ಗಂಟು ಕಾಣುತ್ತದೆ, ಕೂಡಿದೆ. ಆದರೆ ರೆಕ್ಕೆ ಇನ್ನೂ ಸ್ವಲ್ಪ ಕೆಳಗೆ. ಬಲ ರೆಕ್ಕೆಯಷ್ಟು ಬಿಚ್ಚುವುದಿಲ್ಲ. ಮೊದಲಿನ ಹಾಗೆ ಹಾರುತ್ತದಾ ಅಂತ ಕೇಳಿದೆ. "ಹಾರಬಹುದು, ಮೊದಲಿನ ಹಾಗೆ ಅಂತ ಹೇಳಲಾರೆ" ಅಂದರು. ಸುಳ್ಳು ಹೇಳಲಿಲ್ಲವಲ್ಲ ಅಂತ ಒಂದು ಸಮಾಧಾನ. ಕಾರಲ್ಲಿ ಕೂತು ನಾನು ಅತ್ತುಬಿಟ್ಟೆ.

ಹೆಬ್ಬಾಳದಲ್ಲಿ ಓದಿದವ
ಅದೇ ರಾತ್ರಿ

ಇನ್ನೂ ಒಂದು ವಾರ ಗೂಡಿನಲ್ಲೇ ಇರಲಿ. ಆಮೇಲೆ ಡಾಕ್ಟ್ರು ಸರಿ ಅಂದರೆ ಬೆರಳ ಮೇಲೆ ಕೂರಿಸಿ ಕೈಯನ್ನು ನಿಧಾನ ಕೆಳಗೆ ಇಳಿಸಿ. ಬೀಳದಿರಲು ತಾನೇ ರೆಕ್ಕೆ ಬಿಚ್ಚುತ್ತದೆ. ದಿನಕ್ಕೆ ಐದಾರು ಸಲ, ಹಾಸಿಗೆಯ ಮೇಲೆ. ಏದುಸಿರು ಬಂದರೆ ನಿಲ್ಲಿಸಿ.

ಬಿಜೈ ಮೂರನೇ ಮಹಡಿ
ಎರಡು ತಿಂಗಳ ನಂತರ

ಕೇಳಿದವರಿಗೆ ತಡವಾಗಿ ಉತ್ತರ ಕೊಡುತ್ತಿದ್ದೇನೆ, ಬೇಜಾರು ಮಾಡಬೇಡಿ. ನಿನ್ನೆ ಚುಕ್ಕಿ ಗೂಡಿನಿಂದ ಪರದೆಯವರೆಗೆ ಹಾರಿತು. ಎಂಟು ಅಡಿ ಇರಬಹುದು. ಇಳಿಯುವಾಗ ಎಡಕ್ಕೆ ವಾಲಿ ಪರದೆಗೆ ಡಿಕ್ಕಿ ಹೊಡೆದು ಉಗುರಲ್ಲಿ ನೇತಾಡಿತು. ಮೇಲಕ್ಕೆ ಏರಿ ಹಾರಲು ಆಗುವುದಿಲ್ಲ. ಹಾಗಾಗಿ ಇವರೇ ಕಪಾಟಿಗೆ ಒಂದು ಸಣ್ಣ ಏಣಿ ಮಾಡಿ ಕಟ್ಟಿದ್ದಾರೆ. ಮಗ ಅಪ್ಪನ ಜೊತೆ ಮಾತಾಡುತ್ತಾನೆ.

ಹಾಲ್‌ನ ಫ್ಯಾನ್ ಬಿಚ್ಚಿಸಿ, ಗೋಡೆಗೆ ಜಾಲರಿ ಇರುವ ಫ್ಯಾನ್ ಹಾಕಿಸಿದೆವು. ಅದರ ಗಾಳಿ ಬಟ್ಟೆಯ ಹಗ್ಗದವರೆಗೆ ಬರುವುದಿಲ್ಲ. ಮಗನ ಯೂನಿಫಾರ್ಮ್ ಇನ್ನೂ ಒದ್ದೆ, ಅತ್ತೆ ಈಗ ಇಸ್ತ್ರಿಪೆಟ್ಟಿಗೆ ಹಿಡಿದು ಕೂತಿದ್ದಾರೆ.